ಗದಗದ ಮನೆಯಲ್ಲಿ ಸೆನ್ಸರ್ ಇಟ್ಟು ಭೂಕಂಪವನ್ನು ಮೊದಲೇ ಹೇಳಬಹುದೇ? ವಿಜ್ಞಾನಿಗಳು ಹವ್ಯಾಸಿಗಳ ಮಾತು ಯಾಕೆ ಕೇಳುವುದಿಲ್ಲ?

ಕೇಳ್ತಾರ್ರಿ. ನನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿದರು. ಕೇಳಿದ್ದರಿಂದಲೇ ನನ್ನ ಹದಿನಾಲ್ಕು ತಿಂಗಳ ರೆಕಾರ್ಡು ಕಸಕ್ಕೆ ಹೋಯಿತು.

ಧಾರವಾಡದಲ್ಲಿ ನಾನು ಇಟ್ಟಿದ್ದು ನೆಲದ ಕಂಪನ ಹಿಡಿಯುವ 4.5 ಹರ್ಟ್ಸ್‌ನ ಲಂಬ ಜಿಯೋಫೋನ್, ಅದನ್ನು ಅಂಕಿಗಳಾಗಿಸುವ 24 ಬಿಟ್ ಡಿಜಿಟೈಸರ್, ಪುಟ್ಟ ಕಂಪ್ಯೂಟರ್ ಅನ್ನಬಹುದಾದ ಒಂದು ರಾಸ್ಪ್‌ಬೆರಿ ಪೈ 3. ಸೆಕೆಂಡಿಗೆ 100 ಸ್ಯಾಂಪಲ್. ಒಂದು ರಾತ್ರಿ 3:12ಕ್ಕೆ ಚೆಂದದ ಅಲೆ ಮೂಡಿತ್ತು. ಬೆಳಗ್ಗೆ ನೋಡಿದರೆ ಮಹಾರಾಷ್ಟ್ರದ ಕೊಯ್ನಾ ಕಡೆ ಪ್ರಮಾಣ 4ರ ಆಸುಪಾಸಿನ ಕಂಪನ, ಅಧಿಕೃತ ಸಮಯ 3:37. ಇಪ್ಪತ್ತೈದು ನಿಮಿಷ ಮೊದಲೇ ನನ್ನ ಯಂತ್ರಕ್ಕೆ ಸುಳಿವು! ಊರಿಗೆಲ್ಲ ಹೇಳಿಕೊಂಡು ಬಂದೆ, ಭೂಕಂಪ ವಿಜ್ಞಾನಿಯೊಬ್ಬರಿಗೂ ಬರೆದೆ. ಅವರು ಕೇಳಿದ್ದು ಒಂದೇ: "3:38ಕ್ಕೆ ನಿಮ್ಮ ಯಂತ್ರದಲ್ಲಿ ಏನಿದೆ?"

ಏನೂ ಇರಲಿಲ್ಲ. ಮುನ್ಸೂಚನೆ ಸಿಕ್ಕಿತ್ತು, ಭೂಕಂಪವೇ ಸಿಕ್ಕಿರಲಿಲ್ಲ.

ಇನ್ನೊಂದು ಸಾಕ್ಷಿಯೂ ಕಣ್ಣೆದುರೇ ಇತ್ತು. ನನ್ನ 'ಸುಳಿವಿನಲ್ಲಿ' ಮೊದಲು ಬರುವ ಪಿ ಅಲೆಗೂ ಹಿಂದೆ ಬರುವ ಎಸ್ ಅಲೆಗೂ ನಡುವೆ 32 ಸೆಕೆಂಡ್ ಅಂತರ. ಈ ಅಂತರವನ್ನು 8ರಿಂದ ಗುಣಿಸಿದರೆ ಅಂದಾಜು ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 256. ಧಾರವಾಡದಿಂದ ಕೊಯ್ನಾಕ್ಕೆ ನೇರ ದೂರ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಾನು ಹಿಡಿದದ್ದು ಅದೇ ಭೂಕಂಪ. ಗಡಿಯಾರ ಹಿಂದಿತ್ತು.

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಇಲ್ಲೇ ಎಡವುತ್ತೀರಿ. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಅದು ತಾಸಿಗೊಮ್ಮೆ ಸಮಯವನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದರೆ ಆ ಫೈಲಿನಲ್ಲಿದ್ದ ಸಮಯದಿಂದಲೇ ಎಣಿಕೆ ಶುರು. ಆಮೇಲೆ ಇಂಟರ್ನೆಟ್ ಸಿಕ್ಕಾಗ ಸರ್ವರ್ ಕೇಳಿ ತಿದ್ದಿಕೊಳ್ಳುತ್ತದೆ. ಆ ರಾತ್ರಿ ಕೊನೆಯ ಸಲ ಬರೆದಿಟ್ಟದ್ದು 11:17ಕ್ಕೆ. 11:30ಕ್ಕೆ ಕರೆಂಟ್ ಹೋಯಿತು, 11:43ಕ್ಕೆ ಬಂತು. ಕರೆಂಟ್ ಇರದಿದ್ದದ್ದು 13 ನಿಮಿಷ, ಗಡಿಯಾರ ಹಿಂದೆ ಬಿದ್ದದ್ದು 26 ನಿಮಿಷ. ರೂಟರ್ ಕೈಕೊಟ್ಟಿದ್ದರಿಂದ ತಿದ್ದುಪಡಿಯೂ ಆಗಲಿಲ್ಲ. ಬೆಳಗ್ಗೆ ರೂಟರ್ ಆಫ್ ಮಾಡಿ ಆನ್ ಮಾಡಿದೆ, ಗಡಿಯಾರ ತಾನೇ ಸರಿಯಾಯಿತು, ನನಗೆ ಸುಳಿವೇ ಸಿಗಲಿಲ್ಲ. ಇಂಥ ರಾತ್ರಿಗಳು ಆ ಹದಿನಾಲ್ಕು ತಿಂಗಳಲ್ಲಿ ಎಷ್ಟಿದ್ದವೋ! ಯಾವ ದಿನ ಗಡಿಯಾರ ಸರಿಯಿತ್ತು ಅನ್ನುವ ಲಾಗ್ ಇಟ್ಟಿರಲಿಲ್ಲ, ಹಾಗಾಗಿ ಸರಿಯಿದ್ದ ದಿನಗಳೂ ದಂಡವಾದವು. ಒಂದೇ ಒಂದು ಸೆಕೆಂಡ್ ತಪ್ಪಿದರೂ ಭೂಕಂಪದ ಕೇಂದ್ರ ಹುಡುಕುವಾಗ 6ರಿಂದ 8 ಕಿ.ಮೀ. ಆಚೀಚೆ ಆಗುತ್ತದೆ, ನನ್ನದು 26 ನಿಮಿಷ.

ಆದ್ದರಿಂದ ಜಿಯೋಫೋನ್‌ಗಿಂತ ಮೊದಲು ಜಿಪಿಎಸ್ ಮಾಡ್ಯೂಲ್ ಕೊಳ್ಳಿ, ಉಪಗ್ರಹದ ಸಮಯ ಹಿಡಿದು ಸೆಕೆಂಡಿಗೊಂದು ಪಲ್ಸ್ ಕೊಡುವಂಥದ್ದು. ಆಂಟೆನಾ ಆಕಾಶಕ್ಕೆ ಕಾಣುವಂತೆ ಕಿಟಕಿಯ ಹೊರಗಿರಲಿ. ಜೊತೆಗೆ ಡಿಎಸ್3231 ಗಡಿಯಾರದ ಚಿಪ್, ನಾಣ್ಯದಂಥ ಸೆಲ್ ಹಾಕಿ. ಅದು ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಬಹುದು, ಆದ್ದರಿಂದ ಜಿಪಿಎಸ್ ಇಲ್ಲದಾಗಿನ ಊರುಗೋಲು ಮಾತ್ರ. ಯುಪಿಎಸ್‌ಗೆ ರೂಟರನ್ನೂ ಸೇರಿಸಿ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರದ ಸ್ಥಿತಿ ಲಾಗ್ ಆಗಲಿ.

ಜಾಗದ ವಿಷಯ. ಮಾಳಿಗೆ ಮೇಲೆ ಬೇಡ, ಗಾಳಿಗೆ ಇಡೀ ಕಟ್ಟಡ ಓಲಾಡುತ್ತದೆ. ಎರಿ ಭೂಮಿಯೂ ಬೇಡ: ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಮಣ್ಣಿನಲ್ಲಿ ಲೆವೆಲ್ ನಿಲ್ಲುವುದಿಲ್ಲ. ನೆಲಮಹಡಿಯಲ್ಲಿ ಒಂದು ಪರಸಿ ಕಿತ್ತು (ತಟ್ಟಿದರೆ ಟೊಳ್ಳು ಸದ್ದು ಬರುವ ಪರಸಿ ಮೇಲೆ ಎಂದೂ ಇಡಬಾರದು) ಗಟ್ಟಿ ನೆಲಕ್ಕೇ ಸಿಮೆಂಟ್ ಪೀಠ ಹಾಕಿ, ಅದರ ಮೇಲೆ ಸೆನ್ಸರ್ ಇಟ್ಟು, ಮೂರು ಸ್ಕ್ರೂ ತಿರುಗಿಸಿ ಲೆವೆಲ್ಲಿನ ಗುಳ್ಳೆ ಮಧ್ಯಕ್ಕೆ ತಂದು, ಥರ್ಮಾಕೋಲ್ ಡಬ್ಬಿ ಮುಚ್ಚಿ. ಬೋರ್‌ವೆಲ್ ಮೋಟರು, ಫ್ರಿಜ್ ದೂರವಿರಲಿ. ಗದಗದವರು ಕಪ್ಪತಗುಡ್ಡದ ಕಡೆ ಬಂಡೆ ಇದೆ ಎಂದು ಓಡಬೇಡಿ. ಗಾಳಿಯಂತ್ರಗಳ ರೆಕ್ಕೆ ತಿರುಗುವ ಲಯ, ಯಾವ ಆವರ್ತನದ ಕಂಪನ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ಗೆರೆ ಎಳೆದಂತೆ ಕೂರುತ್ತದೆ, ಯಾವ ಫಿಲ್ಟರ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಕ್ವಾರಿ ಸ್ಫೋಟವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ, ಹಗಲಲ್ಲೇ, ಬಹುತೇಕ ಅದೇ ಹೊತ್ತಿಗೆ ಬರುತ್ತದೆ.

ಇನ್ನು 'ಮೊದಲೇ ಹೇಳುವುದು'. ಆ ಆಸೆ ಬಿಡಿ ಅನ್ನುತ್ತೇನೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸರಾಸರಿ 22 ವರ್ಷಕ್ಕೊಮ್ಮೆ ಕಂಪನ ಆಗಿತ್ತು. 1993ರ ಒಳಗೆ ಇನ್ನೊಂದು ಬರುತ್ತದೆಂದು ವಿಜ್ಞಾನಿಗಳೇ ಲೆಕ್ಕ ಹಾಕಿ ಆ ಊರಿನ ಸುತ್ತ ಉಪಕರಣ ತುಂಬಿಸಿಟ್ಟು ಕಾದರು. ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ, ಅದೂ ಸ್ಪಷ್ಟ ಮುನ್ಸೂಚನೆ ಇಲ್ಲದೆ. ಅಲ್ಲಿ ಆಗದ್ದು ನಮ್ಮ ಒಂದು ಜಿಯೋಫೋನಿಗೆ ಆಗುತ್ತದೆಯೇ?

ಮುನ್ಸೂಚನೆ ಕೊಡುವ ಹವ್ಯಾಸಿಗಳಿಗೆ ವಿಜ್ಞಾನಿಗಳು ಕೇಳುವ ಪ್ರಶ್ನೆ ಎಲ್ಲಿ, ಯಾವ ದಿನದಿಂದ ಯಾವ ದಿನದೊಳಗೆ, ಎಷ್ಟು ಪ್ರಮಾಣ, ಮತ್ತು ಕಣ್ಣುಮುಚ್ಚಿ ಹೇಳಿದರೂ ಅದು ನಿಜವಾಗುವ ಸಾಧ್ಯತೆ ಎಷ್ಟು ಎಂದು. ಈ ಕೊನೆಯದಕ್ಕೇ ನಮ್ಮವರು ಸಿಟ್ಟಾಗುವುದು. 1967ರ ಡಿಸೆಂಬರ್ 11ರ ದೊಡ್ಡ ಭೂಕಂಪದ ನಂತರವೂ ಕೊಯ್ನಾದಲ್ಲಿ ಸಣ್ಣ ಕಂಪನಗಳು ನಿಂತಿಲ್ಲ. 'ಮುಂದಿನ ತಿಂಗಳು ಅಲ್ಲಿ ಸಣ್ಣದೊಂದು ಆಗುತ್ತದೆ' ಅಂದರೆ, ಶ್ರಾವಣದಾಗ ಧಾರವಾಡಕ್ಕ ಜಿಟಿಜಿಟಿ ಮಳಿ ಬರತೈತಿ ಅಂದಂತೆ.

ಅವರಿಗೆ ಬರೆಯುವಾಗ ಸ್ಕ್ರೀನ್‌ಶಾಟ್ ಕಳಿಸಬೇಡಿ. ಫಿಲ್ಟರ್ ಹಾಕದ ಮೂಲ ಫೈಲು, ಸೆನ್ಸರಿನ ಅಕ್ಷಾಂಶ ರೇಖಾಂಶ, ಗಡಿಯಾರದ ಲಾಗ್, ಜೊತೆಗೆ ನಿಮ್ಮ ಲೆಕ್ಕ ತಪ್ಪಿದ ದಿನಗಳ ಪಟ್ಟಿ, ಇಷ್ಟು ಕಳಿಸಿ. ನನಗೆ ಉತ್ತರ ಬಂದದ್ದು ಎರಡೇ ದಿನಕ್ಕೆ.