ಓದುಗರ ಪ್ರಶ್ನೆ: ಮಾರ್ಮನ್ನರಿಗೂ ಒಂದು ಮಕ್ಕಾ ಇದೆಯಾ?

ಪ್ರಶ್ನೆ: ಸಾರ್, ನನ್ನ ಮಗಳು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಮಾರ್ಮನ್ನರು ಅನ್ನುವ ಕ್ರೈಸ್ತ ಪಂಗಡದವರು ಜಾಸ್ತಿಯಂತೆ. "ಅವರಿಗೆ ಇದು ಮಕ್ಕಾ ಇದ್ದ ಹಾಗೆ ಅಪ್ಪಾ" ಅಂತ ಫೋನಿನಲ್ಲಿ ಹೇಳಿದಳು. ನಿಜವಾ? ಮುಸ್ಲಿಮರು ಹಜ್‌ಗೆ ಹೋಗುವ ಹಾಗೆ ಅವರೂ ಅಲ್ಲಿಗೆ ಹೋಗಲೇಬೇಕಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಹೋಗಲೇಬೇಕು ಅನ್ನುವ ನಿಯಮ ಅವರಲ್ಲಿ ಇಲ್ಲ. ಸಾಲ್ಟ್ ಲೇಕ್ ಅವರ ಮಕ್ಕಾ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ಅದು ಅವರ ಮದೀನಾ. ಯಾಕೆ ಅಂತ ಹೇಳ್ತೀನಿ.

ಮೊದಲು ಹಜ್ ವಿಷಯ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಸಾಹೇಬರೊಬ್ಬರು ಹಜ್‌ಗೆ ಹೊರಟರು. ಹೊರಡುವ ಹಿಂದಿನ ವಾರ ಮನೆಮನೆಗೂ ಬಂದರು. ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಮ್ಮನ ಮುಂದೆ ಕೈ ಜೋಡಿಸಿ, "ಅಕ್ಕಾ, ಏನಾದರೂ ತಪ್ಪು ಮಾಡಿದ್ದರೆ ಮಾಫ್ ಮಾಡಿಬಿಡಿ" ಅಂದರು. ಅಂಗಡಿಯ ಸಾಲ ಪೂರ್ತಿ ತೀರಿಸಿದ್ದರು. ಹಜ್‌ಗೆ ಹೊರಡುವವರು ಹೀಗೆ ಲೆಕ್ಕ ಚುಕ್ತಾ ಮಾಡಿಯೇ ಹೊರಡಬೇಕು, ಯಾಕೆಂದರೆ ಹಿಂದೆಲ್ಲ ಹೋದವರು ವಾಪಸ್ ಬರುವ ಖಾತ್ರಿ ಇರಲಿಲ್ಲ. ಅವರು ಬಂದರು. ಖರ್ಜೂರ, ಒಂದು ಪುಟ್ಟ ಬಾಟಲಿಯಲ್ಲಿ ಮಕ್ಕಾದ ಜಂಜಂ ಬಾವಿಯ ನೀರು ತಂದುಕೊಟ್ಟರು. ಅವತ್ತಿನಿಂದ ಬೀದಿಗೆಲ್ಲ ಅವರು ಹಾಜಿ ಸಾಹೇಬರು.

ಶಕ್ತಿ ಇರುವ ಮುಸ್ಲಿಮರು ಜೀವನದಲ್ಲಿ ಒಂದು ಸಲ ಮಾಡಲೇಬೇಕಾದ ಕೆಲಸ ಅದು. ಗಂಡಸರು ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಾರೆ. ಶ್ರೀಮಂತ ಯಾರು, ಕೂಲಿ ಯಾರು ಗೊತ್ತಾಗುವುದಿಲ್ಲ. ಮಕ್ಕಾದಲ್ಲಿರುವ ದೇವರ ಮನೆ ಕಾಬಾಕ್ಕೆ ಏಳು ಸುತ್ತು. ಸಫಾ, ಮರ್ವಾ ಅನ್ನುವ ಎರಡು ದಿಬ್ಬಗಳ ನಡುವೆ ಏಳು ಸಲ ನಡಿಗೆ. ಮಗು ಇಸ್ಮಾಯಿಲನಿಗೆ ನೀರು ಹುಡುಕುತ್ತಾ ತಾಯಿ ಹಾಜರಾ ಓಡಾಡಿದ ದಾರಿ ಅದು. ಆಮೇಲೆ ಅರಫಾತ್ ಬಯಲು. ಆ ದಿನ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಅಲ್ಲಿ ನಿಂತು ಪ್ರಾರ್ಥಿಸುವುದೇ ಹಜ್‌ನ ಜೀವ, ಅದು ತಪ್ಪಿದರೆ ಹಜ್ಜೇ ತಪ್ಪಿದ ಹಾಗೆ. ಕಾಬಾ ಕಟ್ಟಿದ್ದು ಇಬ್ರಾಹಿಂ ಮತ್ತು ಇಸ್ಮಾಯಿಲ್ ಅಂತ ನಂಬಿಕೆ. ಹಾಗಾಗಿ ಹಾಜಿಗಳಿಗೆ ಅದು ಹೊಸ ಊರಲ್ಲ, ಮೂಲದ ಮನೆ.

ಈಗ ಮಾರ್ಮನ್ನರು. 2018ರಿಂದ ಅವರ ಚರ್ಚು ಆ ಹೆಸರು ಬೇಡ, ಚರ್ಚಿನ ಪೂರ್ತಿ ಹೆಸರು ಹೇಳಿ ಅಂತ ಕೇಳಿಕೊಂಡಿದೆ. ನೀವು ಬಳಸಿದ ಪದವನ್ನೇ ಇಟ್ಟುಕೊಂಡಿದ್ದೇನೆ, ಅಷ್ಟೆ. ಜೋಸೆಫ್ ಸ್ಮಿತ್ ಈ ಚರ್ಚನ್ನು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದರು. ಮರುವರ್ಷವೇ ಮಿಸೌರಿಯ ಇಂಡಿಪೆಂಡೆನ್ಸ್ ಅನ್ನುವ ಊರಿಗೆ ಹೋಗಿ, ಹೊಸ ಜೆರುಸಲೇಮ್, ಅಂದರೆ ಚೀಯೋನ್ ನಗರ ಏಳುವುದು ಇಲ್ಲೇ ಅಂದರು. ದೇವಾಲಯಕ್ಕೆ ಜಾಗವನ್ನೂ ಗುರುತು ಮಾಡಿದರು. 1833ರಲ್ಲಿ ಅಲ್ಲಿನ ಜನ ಇವರನ್ನು ಹೊಡೆದೋಡಿಸಿದರು. 1838ರಲ್ಲಿ ಮಿಸೌರಿಯ ಗವರ್ನರೇ ಇವರನ್ನು ರಾಜ್ಯದಿಂದ ಓಡಿಸಿ, ಇಲ್ಲವೇ ನಿರ್ನಾಮ ಮಾಡಿ ಅಂತ ಆದೇಶ ಕೊಟ್ಟರು. ಆ ಆದೇಶ ರದ್ದಾಗಿದ್ದು 1976ರಲ್ಲಿ! ಇಲಿನಾಯ್‌ನ ನಾವೂ ಅನ್ನುವ ಕಡೆ ಮತ್ತೆ ಊರು ಕಟ್ಟಿದರು. 1844ರಲ್ಲಿ ಸ್ಮಿತ್ ಜೈಲಿನಲ್ಲಿದ್ದಾಗ ಗುಂಪೊಂದು ನುಗ್ಗಿ ಅವರನ್ನು ಕೊಂದಿತು. 1846ರ ಚಳಿಗಾಲದಲ್ಲಿ ಜನ ಬಂಡಿ ಕಟ್ಟಿಕೊಂಡು ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಹೊರಟರು. ಬ್ರಿಗಮ್ ಯಂಗ್ ಮುಂದಾಳು. 1847ರ ಜುಲೈ 24ಕ್ಕೆ ಅವರು ಸಾಲ್ಟ್ ಲೇಕ್ ಕಣಿವೆ ಮುಟ್ಟಿದರು. ಆ ಊರಿರುವ ಯೂಟಾ ರಾಜ್ಯದಲ್ಲಿ ಇವತ್ತಿಗೂ ಆ ದಿನ ಸರ್ಕಾರಿ ರಜೆ, ನಿಮ್ಮ ಮಗಳಿಗೂ ಸಿಗಬಹುದು.

ಈಗ ಕ್ರಿ.ಶ. 622ನೇ ಇಸವಿ ನೆನಪು ಮಾಡಿಕೊಳ್ಳಿ. ಮಕ್ಕಾದಲ್ಲಿ ಬದುಕಲು ಬಿಡದೆ ಹೋದಾಗ ಪ್ರವಾದಿ ಮುಹಮ್ಮದರು ಮದೀನಾಕ್ಕೆ ಹೋದರು. ಮುಸ್ಲಿಮರ ಪಂಚಾಂಗ ಶುರುವಾಗುವುದೇ ಆ ಹಿಜ್ರತ್‌ನಿಂದ. ಆಸರೆ ಕೊಟ್ಟ ಊರು ಮದೀನಾ. ಸಾಲ್ಟ್ ಲೇಕ್ ಕೂಡ ಅಂಥದ್ದೇ. ಆದರೆ ಒಂದು ಮಾತು ಹೇಳದೆ ಇದ್ದರೆ ತಪ್ಪಾಗುತ್ತದೆ. ಮದೀನಾದಲ್ಲಿ ಕರೆದು ಬರಮಾಡಿಕೊಂಡವರಿದ್ದರು. ಯೂಟಾ ಖಾಲಿ ಜಾಗವಾಗಿತ್ತು ಅಂತ ಹೇಳುವ ರೂಢಿ ಇದೆ, ಅದು ಸರಿಯಲ್ಲ. ಯೂಟ್, ಶೋಶೋನಿ ಅನ್ನುವ ಮೂಲನಿವಾಸಿ ಜನ ಆ ಸೀಮೆಯಲ್ಲಿ ಮೊದಲಿಂದ ಇದ್ದರು. ಅವರ ನೆಲ ಹೋಯಿತು.

ಹಾಜಿಗಳು ಹೋಗಿ ಬರುತ್ತಾರೆ. ಆ ಕಾಲದ ಮಾರ್ಮನ್ನರು ಹೋದವರು ವಾಪಸ್ ಬರಲಿಲ್ಲ, ಬರಲೆಂದು ಹೋದವರೂ ಅಲ್ಲ. ಯುರೋಪಿನ ಬಡವರು ಹಡಗು ಹತ್ತಿ ಬಂದು, ಎತ್ತಿನ ಬಂಡಿಗೆ ದುಡ್ಡಿಲ್ಲದೆ ಕೈಗಾಡಿ ಎಳೆದುಕೊಂಡು ಸಾವಿರಕ್ಕೂ ಹೆಚ್ಚು ಮೈಲಿ ನಡೆದರು. ಒಬ್ಬರಿಗೆ ಸುಮಾರು 8 ಕೆಜಿ ಸಾಮಾನು ಮಾತ್ರ. ಬಟ್ಟೆ, ಹಾಸಿಗೆ, ಪಾತ್ರೆ ಎಲ್ಲ ಅಷ್ಟರಲ್ಲೇ. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ತರು. ಈಗ ಅಲ್ಲಿನ ಹದಿಹರೆಯದ ಮಕ್ಕಳು ಹಳೇಕಾಲದ ಉಡುಪು ತೊಟ್ಟು ಒಂದೆರಡು ದಿನ ಅಂಥದ್ದೇ ಗಾಡಿ ಎಳೆಯುತ್ತಾರೆ. ಹಾಜರಾ ಓಡಿದ ದಾರಿಯಲ್ಲಿ ಹಾಜಿಗಳು ನಡೆಯುವುದು ನನಗೆ ಆಗ ನೆನಪಾಗುತ್ತದೆ. ಇನ್ನೊಬ್ಬರ ಕಷ್ಟವನ್ನು ನಮ್ಮ ಕಾಲಿಂದ ತಿಳಿಯುವುದು ಅದು, ಅಲ್ವಾ?

ನಿಮ್ಮ ಮಗಳಿಗೆ ಅವಳ ಮನೆ ವಿಳಾಸ ನೋಡಲು ಹೇಳಿ. 300 ಸೌತ್, 400 ಈಸ್ಟ್ ಅಂತೆಲ್ಲ ಇದ್ದರೆ, ದೇವಾಲಯದ ಚೌಕದಿಂದ ಇಷ್ಟು ದಕ್ಷಿಣ, ಇಷ್ಟು ಪೂರ್ವ ಅಂತ ಅರ್ಥ. ಬೀದಿಗಳನ್ನೆಲ್ಲ ದೇವರ ಮನೆಯಿಂದ ಅಳೆದಿದ್ದಾರೆ. ಆ ದೇವಾಲಯ ಕಟ್ಟಲು 40 ವರ್ಷ ಹಿಡಿಯಿತು, 1893ರಲ್ಲಿ ಮುಗಿಯಿತು. ಮುಸ್ಲಿಮರಿಗೆ ಈ ಅಳತೆ ಊರಿಗೆ ನಿಲ್ಲುವುದಿಲ್ಲ, ಭೂಮಿಗೆಲ್ಲ ಹರಡಿದೆ. ನಮ್ಮ ಕಡೆ ಪಶ್ಚಿಮಕ್ಕೆ ಮುಖ ಮಾಡಿ ನಮಾಜು ಮಾಡುತ್ತಾರೆ, ಯೂಟಾದ ಮುಸ್ಲಿಮರು ಈಶಾನ್ಯಕ್ಕೆ ತಿರುಗುತ್ತಾರೆ. ಸತ್ತವರನ್ನು ಮಣ್ಣಿಗಿಡುವಾಗಲೂ ಮುಖ ಅದೇ ದಿಕ್ಕಿಗೆ.

ಹಾಗಾದರೆ ಮಾರ್ಮನ್ನರ ಮಕ್ಕಾ ಎಲ್ಲಿ? ಇಂಡಿಪೆಂಡೆನ್ಸ್‌ನಲ್ಲಿ. ಪ್ರವಾದಿ ಮುಹಮ್ಮದರು 630ರಲ್ಲಿ ಮಕ್ಕಾಕ್ಕೆ ಹಿಂತಿರುಗಿದರು. ಮಾರ್ಮನ್ನರಿಗೆ ಅವರ ಚೀಯೋನ್ ಇನ್ನೂ ಕೈಗೆ ಬಂದಿಲ್ಲ. ಸ್ಮಿತ್ ಗುರುತು ಮಾಡಿದ ಆ ಜಾಗ ಇವತ್ತು ಹುಲ್ಲು ಬೆಳೆದ ಖಾಲಿ ನೆಲ. ಅದು ಇರುವುದು ಸ್ಮಿತ್ ಅವರನ್ನೇ ನಂಬುವ, ಆದರೆ ಸಾಲ್ಟ್ ಲೇಕ್‌ನವರಿಗೆ ಸೇರದ ಒಂದು ಪುಟ್ಟ ಚರ್ಚಿನ ಕೈಯಲ್ಲಿ. ಪಕ್ಕದಲ್ಲೇ ಇನ್ನೊಂದು ಕವಲಿನವರು ಶಂಖದ ಹಾಗೆ ಸುರುಳಿ ಗೋಪುರದ ದೇವಾಲಯ ಕಟ್ಟಿದ್ದಾರೆ. ಸಾಲ್ಟ್ ಲೇಕ್‌ನವರದ್ದು ಹತ್ತಿರದಲ್ಲೇ ಬಂದವರಿಗೆ ಮಾಹಿತಿ ಕೊಡುವ ಒಂದು ಕಟ್ಟಡ ಇದೆ. ಯಾತ್ರೆ ಬಂದವರು ಆ ಹುಲ್ಲಿನ ಮೇಲೆ ನಿಂತು ನೋಡಿ ಹೋಗುತ್ತಾರೆ. ಹಾಜಿಗಳಿಗೆ ಮನೆ ಸಾವಿರಾರು ವರ್ಷದಿಂದ ನಿಂತಿದೆ, ಇವರಿಗೆ ಮನೆ ಇನ್ನು ಏಳಬೇಕು. ಈ ಕಾಯುವಿಕೆ ನನ್ನನ್ನು ತುಂಬಾ ತಟ್ಟುತ್ತದೆ.

ಪ್ರಶ್ನೆ: ಮಕ್ಕಾಕ್ಕೂ ಮಾರ್ಮನ್ ದೇವಾಲಯಕ್ಕೂ ಬೇರೆಯವರನ್ನು ಯಾಕೆ ಬಿಡುವುದಿಲ್ಲ? (ಓದುಗರೊಬ್ಬರು, ಮೈಸೂರು)

ಉತ್ತರ: ಎರಡೂ ಕಡೆ ಹೇಳುವುದು ಒಂದೇ, ಅದು ನೋಡುವ ಜಾಗ ಅಲ್ಲ, ಮಾಡುವ ಜಾಗ. ಮಾರ್ಮನ್ನರಲ್ಲಿ ಚರ್ಚಿನ ಸದಸ್ಯರನ್ನೂ ಸುಮ್ನೆ ಬಿಡುವುದಿಲ್ಲ. ಹಿರಿಯರು ಕೂರಿಸಿ ಕೇಳುತ್ತಾರೆ: ಸಂಪಾದನೆಯಲ್ಲಿ ಹತ್ತನೇ ಒಂದು ಭಾಗ ಕೊಡ್ತೀರಾ, ಹೆಂಡ, ತಂಬಾಕು, ಟೀ, ಕಾಫಿ ಬಿಟ್ಟಿದ್ದೀರಾ ಅಂತ. ಎಲ್ಲ ಸರಿ ಇದ್ದರೆ ಒಂದು ಚೀಟಿ ಕೊಡುತ್ತಾರೆ. ಅದಿದ್ದರೆ ಮಾತ್ರ ಒಳಗೆ. ಭಾನುವಾರದ ಪ್ರಾರ್ಥನೆಯ ಚರ್ಚು ಬೇರೆ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ನನಗೆ ಬೇಸರದ ವಿಷಯ ಒಂದಿದೆ. ದೇವಾಲಯದಲ್ಲಿ ಮದುವೆಯಾದರೆ, ಸದಸ್ಯರಲ್ಲದ ತಂದೆತಾಯಿ ಹೊರಗೇ ಕಾಯಬೇಕು. 2019ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿದೆ. ಮೊದಲು ಎಲ್ಲರ ಎದುರು ಮದುವೆಯಾಗಿ, ಆಮೇಲೆ ಒಂದು ವರ್ಷ ಕಾಯದೆ ದೇವಾಲಯಕ್ಕೆ ಹೋಗಬಹುದು. ಬೆಂಗಳೂರಿಗೂ ಒಂದು ದೇವಾಲಯ ಬರುತ್ತದೆ ಅಂತ 2018ರಲ್ಲಿ ಘೋಷಣೆಯಾಯಿತು, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆಯ ಹಾಗಿನ ಕಾರ್ಯಕ್ರಮವೂ ನಡೆಯಿತು. ಹೊಸ ದೇವಾಲಯವನ್ನು ಪ್ರತಿಷ್ಠೆಗೆ ಮೊದಲು ಕೆಲವು ದಿನ ಎಲ್ಲರಿಗೂ ತೆರೆದು ತೋರಿಸುವುದು ಅವರ ಪದ್ಧತಿ.

ಪ್ರಶ್ನೆ: ನಮ್ಮ ಅಬ್ಬಾ ಹಜ್‌ಗೆ ದುಡ್ಡು ಕೂಡಿಡುತ್ತಾ ಇರುವಾಗಲೇ ತೀರಿಕೊಂಡರು. ಅವರ ಹೆಸರಲ್ಲಿ ಅಣ್ಣ ಹೋಗಿಬಂದರು. ಸತ್ತವರ ಪರವಾಗಿ ಹೀಗೆ ಮಾಡುವುದು ಬೇರೆಯವರಲ್ಲೂ ಇದೆಯಾ? (ಓದುಗರೊಬ್ಬರು, ಬೀದರ್)

ಉತ್ತರ: ಇದೆ ಅಮ್ಮಾ. ಗಯಾಕ್ಕೆ ಪಿಂಡ ಹಾಕಲು ಹೋಗುವವರು ನಿಮಗೂ ಗೊತ್ತಿರುತ್ತಾರೆ. ಮಾರ್ಮನ್ನರಲ್ಲಿ ಇದು ಇನ್ನೂ ದೊಡ್ಡದು. ಯಾವುದೇ ವಿಧಿಯನ್ನು ಮೊದಲು ತಮಗಾಗಿ ಮಾಡಿಸಿಕೊಳ್ಳುತ್ತಾರೆ, ಆಮೇಲೆ ದೇವಾಲಯದಲ್ಲಿ ಅದನ್ನೇ ಸತ್ತವರಿಗಾಗಿ ಮಾಡುತ್ತಾರೆ. ಅಜ್ಜ, ಮುತ್ತಜ್ಜಿಯರ ಹೆಸರು ಹಳೆಯ ದಾಖಲೆಗಳಲ್ಲಿ ಹುಡುಕಿ, ಚೀಟಿಯಲ್ಲಿ ಬರೆದು ತಂದು, ಅವರ ಪರವಾಗಿ ದೀಕ್ಷಾಸ್ನಾನ ಮಾಡುತ್ತಾರೆ, ಅಂದರೆ ನೀರಿನಲ್ಲಿ ಪೂರ್ತಿ ಮುಳುಗಿ ಏಳುತ್ತಾರೆ. ಹನ್ನೆರಡು ಎತ್ತಿನ ಮೂರ್ತಿಗಳ ಬೆನ್ನ ಮೇಲೆ ನಿಂತ ತೊಟ್ಟಿ ಅದು. ಒಪ್ಪುವುದು ಬಿಡುವುದು ಸತ್ತವರಿಗೆ ಬಿಟ್ಟದ್ದು ಅಂತ ಅವರ ನಂಬಿಕೆ. ನಿಮ್ಮಲ್ಲಿ ಬದಲ್ ಹಜ್, ಅಂದರೆ ಇನ್ನೊಬ್ಬರ ಪರವಾಗಿ ಮಾಡುವ ಹಜ್‌ಗೂ ಸಾಮಾನ್ಯವಾಗಿ ತಮ್ಮ ಹಜ್ ಮುಗಿಸಿದವರನ್ನೇ ಕಳಿಸುತ್ತಾರೆ ಅಲ್ವಾ, ಅದೇ ಕ್ರಮ. ಇಹ್ರಾಮ್, ಅಂದರೆ ಹಜ್‌ನ ಆ ಬಿಳಿ ಬಟ್ಟೆ ಕಟ್ಟುವಾಗ ನಿಮ್ಮ ಅಣ್ಣ ಅಬ್ಬಾ ಹೆಸರಲ್ಲಿ ನಿಯ್ಯತ್ (ಸಂಕಲ್ಪ) ಮಾಡಿ, ಅವರ ಪರವಾಗಿ ಲಬ್ಬೈಕ್ (ಬಂದೆ ದೇವರೇ) ಅಂದಿರುತ್ತಾರೆ. ಹೇಗಿತ್ತು ಆ ಗಳಿಗೆ ಅಂತ ಒಂದು ಸಲ ಅಣ್ಣನನ್ನು ಕೂರಿಸಿಕೊಂಡು ಕೇಳಿ.