ಆರನೇ ತರಗತಿಯ ಪುಸ್ತಕ ಪೆಟ್ಟಿಗೆಗೆ ಏನೇನು ತರಬೇಕು?

ಟೀಚರ್, ಕೇರಳದ ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ, ಆರನೇ ತರಗತಿಯಲ್ಲಿ 30 ಮಕ್ಕಳು, ಮನೆಮಾತು ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ; ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಕೊಟ್ಟ 8,000 ರೂಪಾಯಿಯಲ್ಲಿ ಎಲ್ಲರಿಗೂ ತಮ್ಮದೆನಿಸುವ ಪುಸ್ತಕ ಯಾವುದು ಎಂದು ಕೇಳಿದ್ದೀರಿ.

ಅಂಗಡಿಗೆ ಹೋಗುವ ಮೊದಲು ಸುಮಾರು 100 ಪದಗಳ ಒಂದು ಪುಟವನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿ. ಐದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಆ ಮಟ್ಟದ ಪುಸ್ತಕ ಸದ್ಯಕ್ಕೆ ಕಷ್ಟ. ಆದರೆ ನಮ್ಮ ಗಡಿನಾಡಿನಲ್ಲಿ ಇಷ್ಟು ಸಾಲದು. ಒತ್ತಕ್ಷರದಲ್ಲಿ ನಿಲ್ಲುವ ಮಗು ಬೇರೆ, ಸರಾಗ ಓದಿಯೂ ಒಂದಕ್ಷರ ಅರ್ಥವಾಗದ ಮಗು ಬೇರೆ. ಎರಡನೆಯದು ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ. ಓದಿದ ಮೇಲೆ "ಏನಾಯ್ತು ಹೇಳು" ಎನ್ನಿ. ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೂ ಸರಿ. ಮೊದಲಿನವರಿಗೆ ದೊಡ್ಡಕ್ಷರದ, ಸಣ್ಣ ವಾಕ್ಯದ ಪುಸ್ತಕ ಬೇಕು. ಎರಡನೆಯವರಿಗೆ ನೀವು ಓದಿ ಹೇಳಬೇಕು.

ಹಣದಲ್ಲಿ 6,500 ಪುಸ್ತಕಕ್ಕೆ, 1,000 ಪ್ರಿಂಟಿಗೆ, ಉಳಿದದ್ದು ಹೊದಿಕೆಗೆ. ಚಿತ್ರಪುಸ್ತಕ ಒಂದೊಂದೇ ಪ್ರತಿ ಸಾಕು. ಕಾದಂಬರಿ ಮಾತ್ರ ನಾಲ್ಕು ನಾಲ್ಕು ಪ್ರತಿ ತನ್ನಿ. ಒಂದೇ ಪ್ರತಿ ಇದ್ದರೆ ಅದು ಒಬ್ಬನ ಚೀಲದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಜೊತೆಗೆ ಕೂತು ಮಾತಾಡಲು ಯಾರೂ ಇರುವುದಿಲ್ಲ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯಿಂದ ಶುರುಮಾಡಬಹುದು: ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' (2023), ನಮ್ಮ ನೆರೆಯ ಪುತ್ತೂರು ಸೀಮೆಯ ಬೊಳುವಾರು ಮಹಮದ್ ಕುಂಞಿ ಬರೆದ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ' (2010). ತೇಜಸ್ವಿಯವರ 'ಪರಿಸರದ ಕತೆ' ನೀವೇ ಓದಿ ಹೇಳಲು ಒಳ್ಳೆಯದು. ಕಿವಿ ಎಂಬ ನಾಯಿ ಬಂದ ಕೂಡಲೇ ಹಿಂದಿನ ಬೆಂಚೂ ಸುಮ್ಮನಾಗುತ್ತದೆ. ಪೋಲಿಯೊ ಆದ ಗೆಳೆಯ, ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಇರುವ ಜಪಾನಿನ 'ತೊತ್ತೊಚಾನ್' ಕನ್ನಡದಲ್ಲೂ ಇದೆ. ಊರಿನ ಪುಸ್ತಕವೆಂದು ಯಾರಾದರೂ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಹೇಳಿಯೇ ಹೇಳುತ್ತಾರೆ. ಅದು ತಲಾಕ್, ಮರುಮದುವೆಯ ಕಾದಂಬರಿ. ಟೀಚರುಗಳು ಓದಲಿ, ಆರನೇ ತರಗತಿಯ ಪೆಟ್ಟಿಗೆಗೆ ನಾನು ಹಾಕುವುದಿಲ್ಲ.

ಉಳಿದ ಕೊರತೆಯನ್ನು ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಎಂಬ ಉಚಿತ ಮಕ್ಕಳ ಕಥೆಗಳ ವೆಬ್‌ಸೈಟ್ ತುಂಬುತ್ತದೆ. ಕಥೆಗಳು ನಾಲ್ಕು ಹಂತದಲ್ಲಿವೆ. ಎಡವುವವರಿಗೆ ಎರಡನೆಯದು, ಉಳಿದವರಿಗೆ ಮೂರು, ನಾಲ್ಕು. ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿ ಪ್ರಿಂಟ್ ತೆಗೆಯಬಹುದು. ಒಂದೇ ಕಥೆಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ತೆಗೆದು ಜೋಡಿಯಾಗಿ ಇಡಿ. ಮನೆಯಲ್ಲಿ ಮಲಯಾಳ ಮಾತಾಡುವ ಮಗು ಅಲ್ಲಿ ಮೊದಲ ಬಾರಿ ಪಕ್ಕದವನಿಗೆ ಹೇಳಿಕೊಡುವ ಜಾಗಕ್ಕೆ ಬರುತ್ತದೆ. ಪ್ರಿಂಟಿನಲ್ಲಿ ತಪ್ಪುವುದು ಇಲ್ಲಿ: ಎ4 ಹಾಳೆ ಮಡಚಿ ಪುಸ್ತಿಕೆ ಮಾಡಿದಾಗ ಅಕ್ಷರ ಶೇ. 70ಕ್ಕೆ ಕುಗ್ಗಿ ಒತ್ತಕ್ಷರಗಳು ಮಸಿಯ ಚುಕ್ಕೆಯಾಗುತ್ತವೆ. ಮೊದಲು ಒಂದೇ ಹಾಳೆ ತೆಗೆದು ನೋಡಿ, ಓದಲಾಗದಿದ್ದರೆ ಮಡಚದೆ ಎ4ರಲ್ಲೇ ಇಡಿ. ಮಡಚುವುದಾದರೆ ಪುಟಗಳು ನಾಲ್ಕರ ಗುಣಕವಾಗಿರಲಿ. 16 ಪುಟಕ್ಕೆ ನಾಲ್ಕು ಹಾಳೆ. ಸಾಮಾನ್ಯ ಸ್ಟೇಪ್ಲರ್ ನಡುವಿಗೆ ಎಟುಕದು, ಸೂಜಿ ದಾರದಿಂದ ಮೂರು ಹೊಲಿಗೆ ಹಾಕಿ.

ಆಯ್ಕೆ ಮಾಡುವಾಗ ಪ್ರತಿ ಪುಸ್ತಕಕ್ಕೂ ಒಂದು ಪ್ರಶ್ನೆ: ಬಡವರ, ದಲಿತರ, ಮುಸ್ಲಿಮರ ಮಗು ಇಲ್ಲಿ ಏನು ಮಾಡುತ್ತದೆ? ಅಳುವುದು, ಸಹಾಯ ಪಡೆಯುವುದು, ಕೊನೆಗೆ ಕೈಮುಗಿಯುವುದು ಮಾತ್ರವಾದರೆ ಬಿಡಿ. ಕಳ್ಳನನ್ನು ಹಿಡಿಯುವ, ಸುಳ್ಳು ಹೇಳುವ, ತಮಾಷೆ ಮಾಡುವ ಮಗುವೂ ಇರಬೇಕು. ಮತ್ತೆ, "ಇದು ನಿಮ್ಮವರ ಕಥೆ" ಎಂದು ಯಾವ ಮಗುವಿನ ಕೈಗೂ ಪುಸ್ತಕ ಕೊಡಬೇಡಿ. ಆ ಒಂದು ಮಾತಿಗೆ ಮಗು ಪುಸ್ತಕ ಮುಟ್ಟುವುದನ್ನೇ ಬಿಡುತ್ತದೆ. ಎಲ್ಲರ ಎದುರು ಎರಡು ಪುಟ ಓದಿ ಪೆಟ್ಟಿಗೆಗೆ ಹಾಕಿ, ಬೇಕಾದವರು ತೆಗೆದುಕೊಳ್ಳಲಿ.

ಜೂನ್ ಮಳೆ ಹಿಡಿದರೆ ಗೋಡೆಗೆ ತಾಗಿದ ಕಪಾಟಿನಲ್ಲಿ ಬೂಷ್ಟು ಖಂಡಿತ. ಪೆಟ್ಟಿಗೆಯನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ನೆಲದಿಂದ ಎತ್ತರದಲ್ಲಿಡಿ. ಬಿಸಿಲು ಬಂದ ದಿನ ಪುಸ್ತಕ ತೆರೆದು ಗಾಳಿಗೆ ಹರಡಿ. ಹಣ ಸಾಲದಿದ್ದರೆ ಕೇರಳದ ಲೈಬ್ರರಿ ಕೌನ್ಸಿಲ್‌ಗೆ ಸೇರಿದ ಹತ್ತಿರದ ಗ್ರಂಥಾಲಯದಲ್ಲಿ ಶಾಲೆಯ ಹೆಸರಿನಲ್ಲಿ ಒಂದಷ್ಟು ಪುಸ್ತಕ ಎರವಲು ಸಿಗುತ್ತದೋ ವಿಚಾರಿಸಿ.