ಫೋಮ್ ಮ್ಯಾಟ್‌ನಲ್ಲಿ ಮಾಡಿದ ಗದೆಯನ್ನು ಗಟ್ಟಿ ಮಾಡುವುದು ಹೇಗೆ?

ಮಗನಿಗೆ ಶಾಲೆಯ ನಾಟಕದಲ್ಲಿ ಭೀಮನ ಪಾತ್ರ, ನೆಲಕ್ಕೆ ಹಾಸುವ ಫೋಮ್ ಮ್ಯಾಟ್‌ನಿಂದ ಗದೆ ಮಾಡಿ ಕಲ್ಲಿನಂತೆ ಗಟ್ಟಿ ಮಾಡಬಹುದಾ ಅಂತ ಕೇಳಿದ್ದೀರಿ.

ಮಾಡಬಹುದು. ಆದರೆ ಪೂರ್ತಿ ಗಟ್ಟಿ ಮಾಡಲು ಹೋಗಬೇಡಿ. ನಾನು ಹೋಗಿ ಕೆಟ್ಟವನು. ಮೊದಲ ಗದೆಗೆ ಎಪಾಕ್ಸಿ ರೆಸಿನ್, ಅಂದರೆ ಗಟ್ಟಿ ಚಿಪ್ಪಾಗುವ ಅಂಟು ದ್ರವ, ಬಳಿದೆ. ಒಣಗಿದ ಮೇಲೆ ಗಾಜಿನ ಹಾಗೆ ಹೊಳೆಯುತ್ತಿತ್ತು. ರಿಹರ್ಸಲ್‌ನಲ್ಲಿ ಅಕ್ಕನ ಮಗ ಅದನ್ನು ಒಮ್ಮೆ ನೆಲಕ್ಕೆ ಕುಟ್ಟಿದ, ಹಪ್ಪಳ ಮುರಿದ ಸದ್ದು ಬಂತು. ಒಳಗಿನ ಫೋಮ್ ತಗ್ಗುತ್ತದೆ, ಮೇಲಿನ ಚಿಪ್ಪು ಬಗ್ಗುವುದಿಲ್ಲ, ಒಡೆಯದೆ ಇನ್ನೇನು? ಒಡೆದ ಅಂಚು ಕೈ ಕೊಯ್ಯುವಷ್ಟು ಚೂಪಾಗಿತ್ತು.

ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್ ಬರುತ್ತಲ್ಲ, ಸುಮಾರು 60 ಸೆಂ.ಮೀ. ಚೌಕ, 10-12 ಮಿ.ಮೀ. ದಪ್ಪ, ಅದೇ ಸಾಕು. ಅದು ಇವಿಎ ಫೋಮ್. ನಯವಾದ ಬದಿ ಹೊರಗೆ ಬರಲಿ.

ಗದೆಯ ತಲೆಯ ಗುಂಡು ಮಾಡುವುದೇ ಕಷ್ಟದ ಕೆಲಸ. ಹಳೆಯ ಚೆಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಪೂರ್ತಿ ಟೇಪ್ ಅಂಟಿಸಿ. ಕಿತ್ತಳೆ ತೊಳೆಯ ಹಾಗೆ ಎಂಟು ಭಾಗಕ್ಕೆ ಗೆರೆ ಎಳೆದು, ಒಂದು ಭಾಗವನ್ನು ಕತ್ತರಿಸಿ ಬಿಡಿಸಿದರೆ ಅದೇ ನಿಮ್ಮ ಅಳತೆ. ಚೆಂಡು 20 ಸೆಂ.ಮೀ. ಅಡ್ಡಳತೆಯದ್ದಾದರೆ ಪ್ರತಿ ತುಂಡು ಸುಮಾರು 31.5 ಸೆಂ.ಮೀ. ಉದ್ದ, ನಡುವೆ 8 ಸೆಂ.ಮೀ. ಅಗಲ. ಏಳು ತುಂಡು ಸಾಲಾಗಿ ಇಡಿ, ಎಂಟನೆಯದನ್ನು ಉಳಿದ ಪಟ್ಟಿಯಲ್ಲಿ ಅಡ್ಡ ಮಲಗಿಸಿ. ಒಂದೇ ಮ್ಯಾಟ್‌ನಲ್ಲಿ ಮುಗಿಯುತ್ತದೆ. ಬ್ಲೇಡ್ ಹೊಸದಿರಲಿ. ಮೊಂಡಾದರೆ ಫೋಮ್ ಕತ್ತರಿಸುವುದಿಲ್ಲ, ಹರಿಯುತ್ತದೆ.

ಪ್ರತಿ ತುಂಡಿಗೂ ಹೀಟ್ ಗನ್ (ಬಿಸಿ ಗಾಳಿ ಊದುವ ಯಂತ್ರ) ಹಿಡಿಯಿರಿ. ಮೇಲ್ಮೈ ಸ್ವಲ್ಪ ಹೊಳಪಾದರೆ ಸಣ್ಣ ರಂಧ್ರಗಳು ಮುಚ್ಚಿದವು ಅಂತ ಅರ್ಥ. ಬಿಸಿಯಲ್ಲೇ ಬಾಗಿಸಿ, ತಣ್ಣಗಾಗುವವರೆಗೆ ಹಾಗೇ ಹಿಡಿದರೆ ಬಾಗಿದಂತೆ ನಿಲ್ಲುತ್ತದೆ. ಅಂಟಿಗೆ ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟು ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಫೆವಿಕಾಲ್ ಎಸ್‌ಆರ್ ಅಂದರೆ ಕೊಡುತ್ತಾರೆ. ಎರಡೂ ಅಂಚಿಗೆ ಸವರಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಮೆತ್ತದಂತೆ ಆದಾಗ ಒತ್ತಿ. ಅಂಟಿದ ಮೇಲೆ ಸರಿಸಲು ಆಗಲ್ಲ, ಮೊದಲೇ ನೋಡಿಕೊಳ್ಳಿ. ವೈರಿಂಗ್‌ಗೆ ಹಾಕುವ ಪಿವಿಸಿ ಪೈಪ್ ಹಿಡಿಗೆ ಸಾಕು. ಗುಂಡಿನ ಮೇಲಿನಿಂದ ಕೆಳಗಿನವರೆಗೆ ತೂರಿಸಿ.

ಈಗ ನೀವು ಕೇಳಿದ ಗಟ್ಟಿತನ. ಬಿಳಿ ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಮೂರು ನಾಲ್ಕು ಕೋಟ್ ಬಳಿಯಿರಿ. ಪ್ರತಿ ಸಲ ಒಣಗಲು ಬಿಡಿ. ಏಟು ಬೀಳುವ ಜಾಗಕ್ಕೆ ಮಾತ್ರ, ಅಂದರೆ ತುದಿಗೆ ಮತ್ತು ಹಿಡಿ ಸೇರುವ ಬುಡಕ್ಕೆ, ಹಳೆ ಪಂಚೆಯ ತುಂಡನ್ನು ಅದೇ ಫೆವಿಕಾಲ್‌ನಲ್ಲಿ ಅದ್ದಿ ಎರಡು ಪದರ ಅಂಟಿಸಿ. ಬಟ್ಟೆಯ ನೂಲು ಹಿಡಿದುಕೊಳ್ಳುವುದರಿಂದ ಬಿರುಕು ಬಿಟ್ಟರೂ ಚೂರು ಹಾರುವುದಿಲ್ಲ. ಇದೇನು ಹೊಸ ಬುದ್ಧಿವಂತಿಕೆ ಅಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಯವರು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಅನ್ನುವ ಮುದ್ದೆ ಮಾಡಿಕೊಳ್ಳುತ್ತಾರಲ್ಲ, ಸುಮಾರು ಅದೇ ಲೆಕ್ಕ. ಉಳಿದ ಗುಂಡು ಮೆತ್ತಗೇ ಇರಲಿ. ದುಶ್ಶಾಸನನ ಪಾತ್ರ ಮಾಡುವವನೂ ಯಾರದೋ ಮನೆಯ ಮಗು ಅಲ್ವಾ?

ಬಣ್ಣಕ್ಕೆ ಮೊದಲು ಕಪ್ಪು, ಮೇಲೆ ಚಿನ್ನದ ಬಣ್ಣದ ಸ್ಪ್ರೇ. ಕಪ್ಪು ಸಂದಿಯಲ್ಲಿ ಉಳಿದರೆ ಹಳೆ ಕಂಚಿನ ಹಾಗೆ ಕಾಣುತ್ತದೆ. ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ, ಬಯಲು ರಂಗಮಂದಿರವಾದರೆ ಮಳೆ ನೋಡಿಕೊಳ್ಳಿ. ರಬ್ಬರ್ ಅಂಟು, ಹೀಟ್ ಗನ್ ಎರಡರ ಹೊಗೆಯೂ ಒಳ್ಳೆಯದಲ್ಲ, ಟೆರೇಸ್ ಮೇಲೆ ಕೆಲಸ ಮಾಡಿ. ಅಂಟಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ಅದು ಒಣಗುವವರೆಗೆ ಹೀಟ್ ಗನ್ ಹತ್ತಿರ ತರಬೇಡಿ. ನಾಟಕದ ಹಿಂದಿನ ರಾತ್ರಿ ಮಾತ್ರ ಬಣ್ಣ ಹೊಡೆಯಬೇಡಿ, ವಾಸನೆ ಹೋಗಲು ಎರಡು ದಿನವಾದರೂ ಬೇಕು.